ಜಾವಾ 250: ದುರಸ್ತಿ ಹಾಗೂ ಪೋಷಕ ನಿರ್ವಹಣೆ ಕೈಪಿಡಿ

ಬಳಕೆಗೆ ಮುನ್ನ

‘ಮನೆಯಲ್ಲಿರುವ ಒಂದು ಹಳೆಯ ಯಂತ್ರವನ್ನು ಪೋಷಕರ ಸಹಾಯದಿಂದ ಸರಿಪಡಿಸಿ ವರದಿ ಸಲ್ಲಿಸಿ’ ಎಂದು ಒಂಬತ್ತನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಾಗ ಈ ಕೈಪಿಡಿಯನ್ನು ಬಳಸತಕ್ಕದ್ದು. ಪ್ರಾಜೆಕ್ಟ್ ಕೊಟ್ಟ ಮಿಸ್ ಮನಸ್ಸಿನಲ್ಲಿ ಇದ್ದದ್ದು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಹಳವೆಂದರೆ ಟೇಬಲ್ ಫ್ಯಾನು. ಟಾರ್ಚಿಗೆ ಹೊಸ ಸೆಲ್ ಹಾಕಿಕೊಂಡು ಹೋಗಿ ಪೂರ್ತಿ ಅಂಕ ತಂದ ಮಕ್ಕಳೂ ಇದ್ದಾರೆ. ಹಾಗಾಗಿ ಹಿಂದೆ ಸರಿಯಲು ಇದು ಒಳ್ಳೆಯ ಸಮಯ. ಸರಿಯುವುದಿಲ್ಲ ಎನ್ನುವುದಾದರೆ, ಹಿತ್ತಿಲ ಶೆಡ್ಡಿನಲ್ಲಿ ಗೋಣಿತಾಟು ಹೊದ್ದು ನಿಂತಿರುವ ನಿಮ್ಮ ತಂದೆಯ ಜಾವಾದ ಮೇಲೆ ನಿಮ್ಮ ಕಣ್ಣು ಆಗಲೇ ಬಿದ್ದಿದೆ ಎಂದು ತಿಳಿದುಕೊಳ್ಳುತ್ತೇವೆ.

ಈ ಕೈಪಿಡಿಯಲ್ಲಿ ‘ಸದರಿ ವಾಹನ’ ಎಂದರೆ ಮೇಲೆ ಹೇಳಿದ ಜಾವಾ. ‘ಪೋಷಕ’ ಎಂದರೆ ಅಪ್ಪ ಅಥವಾ ಅಮ್ಮ. ಸಾಮಾನ್ಯವಾಗಿ ಅಪ್ಪ, ಯಾಕೆಂದರೆ ಅಮ್ಮನಿಗೆ ಕೆಲಸವಿರುತ್ತದೆ. ‘ಮಗಳು’ ಎಂದರೆ ಪ್ರಾಜೆಕ್ಟ್ ಯಾರದೋ ಅವಳು. ಮಗನಿರುವವರು ಕ್ರಿಯಾಪದದ ಬಾಲ ಬದಲಿಸಿಕೊಂಡು ಓದಿಕೊಳ್ಳತಕ್ಕದ್ದು.

ಸದರಿ ವಾಹನದ ಗುರುತು

ಗೋಣಿತಾಟು ತೆಗೆಯಿರಿ. ಒಳಗಿನಿಂದ ಓಡಿಹೋದದ್ದು ಇಲಿ. ಅದು ಬಿಡಿಭಾಗಗಳ ಪಟ್ಟಿಯಲ್ಲಿ ಇಲ್ಲ.

ಈಗ ಮಗಳಿಗೆ ಇತಿಹಾಸ ಹೇಳುವ ಆಸೆಯಾಗುತ್ತದೆ. ಹೇಳಿ, ಆದರೆ ಚುಟುಕಾಗಿ. ಚೆಕ್ ದೇಶದಲ್ಲಿ 1929ರಲ್ಲಿ ಹುಟ್ಟಿದ ಜಾವಾ ಹೆಸರನ್ನು ಮೈಸೂರಿಗೆ ತಂದವರು ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು, ಮರುವರ್ಷದಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಗಾಡಿಗಳು ತಯಾರಾಗತೊಡಗಿದವು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇಷ್ಟು ಸಾಕು. ಕಾರ್ಖಾನೆಯ ಸೈರನ್ನು, ಸೈಕಲ್ಲಿನ ಮೇಲೆ ಶಿಫ್ಟಿಗೆ ಹೋಗುತ್ತಿದ್ದವರ ಸಾಲು, ನಿಮ್ಮ ತಂದೆ ಒಂಟಿಕೊಪ್ಪಲಿನಿಂದ ಚಾಮುಂಡಿ ಬೆಟ್ಟಕ್ಕೆ ಮೂರು ಮಕ್ಕಳನ್ನೂ ಒಂದೇ ಗಾಡಿಯಲ್ಲಿ ಕೂರಿಸಿಕೊಂಡು ಹೋದದ್ದು, ಇವೆಲ್ಲ ಇಂಜಿನ್ ಬಿಚ್ಚುವಾಗ ಹೇಗೂ ಹೊರಗೆ ಬರುತ್ತವೆ. ಈಗಲೇ ಹೇಳಿದರೆ ಮಗಳು ಫೋನು ತೆಗೆಯುತ್ತಾಳೆ.

ಟ್ಯಾಂಕಿನ ಮೇಲೆ ‘ಜಾವಾ’ ಎಂದಿದ್ದರೆ ಸದರಿ ವಾಹನ ಯೆಜ್ಡಿಗಿಂತ ಹಳೆಯದು ಎಂದಾಯಿತು. ನಂಬರ್ ಪ್ಲೇಟಿನಲ್ಲಿ ‘ಎಂವೈ’ ಎಂದು ಶುರುವಾಗಿದ್ದರೆ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇತ್ತು. ‘ಅಂದ್ರೆ ಕರ್ನಾಟಕಕ್ಕಿಂತ ಇದೇ ಸೀನಿಯರ್ರಾ?’ ಎಂದು ಮಗಳು ಕೇಳಬಹುದು. ಹೆಸರಿನ ಲೆಕ್ಕದಲ್ಲಿ ಹೌದು. 1973ರ ನವೆಂಬರ್ ಒಂದಕ್ಕೆ ರಾಜ್ಯ ಹೆಸರು ಬದಲಿಸಿಕೊಂಡಿತು, ಗಾಡಿ ಬದಲಿಸಿಕೊಳ್ಳಲಿಲ್ಲ. ವರದಿಯ ಮೊದಲ ಪುಟಕ್ಕೆ ಈ ಸಾಲು ಚೆನ್ನಾಗಿ ಒಪ್ಪುತ್ತದೆ. ಅದು ಅವಳಿಗೇ ಹೊಳೆಯಲಿ.

ಕಾಗದಪತ್ರ

ಆರ್.ಸಿ. ಹುಡುಕಿ. ಅದು ಮನೆಯ ಬೀರುವಿನಲ್ಲಿ, ಪಂಚಾಂಗ, ಎಲ್.ಐ.ಸಿ. ಬಾಂಡು ಮತ್ತು ಯಾರದೋ ಮದುವೆಯ ಕರೆಯೋಲೆಯ ನಡುವೆ ಇರುತ್ತದೆ. ಇಲ್ಲದಿದ್ದರೆ ಈ ಪ್ರಾಜೆಕ್ಟಿನ ವಿಷಯ ಬದಲಾಗುತ್ತದೆ: ಹಳೆಯ ಯಂತ್ರದ ದುರಸ್ತಿ ಹೋಗಿ, ಆರ್.ಟಿ.ಓ. ಕಚೇರಿಯ ಕ್ಷೇತ್ರ ಅಧ್ಯಯನ.

ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಐವತ್ತು ವರ್ಷ ದಾಟಿ, ಮೂಲರೂಪ ಕೆಡದೆ ಉಳಿದಿದ್ದರೆ ಇನ್ನೊಂದು ದಾರಿಯೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ಮಾಡಿತು. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ, ನಂಬರಿನ ನಡುವೆ ‘ವಿಎ’ ಎಂಬ ಅಕ್ಷರಗಳ ಗೌರವ. ಆ ಗೌರವದ ಬೆಲೆ ಏನೆಂದರೆ, ರ್‍ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥವಕ್ಕೆ ಬಿಟ್ಟು ದಿನನಿತ್ಯದ ಓಡಾಟಕ್ಕೆ ಗಾಡಿ ತೆಗೆಯುವಂತಿಲ್ಲ. ತರಕಾರಿ ತರಲು ತೆಗೆಯುವುದಿಲ್ಲ ಎಂದು ಮನೆಯವರಿಗೆ ಮಾತು ಕೊಟ್ಟವರು ಈ ದಾರಿ ಹಿಡಿಯಬಹುದು. ಉಳಿದವರು ಮೊದಲನೆಯದಕ್ಕೇ ಅಂಟಿಕೊಳ್ಳುವುದು ಕ್ಷೇಮ.

ಸಲಕರಣೆ

ಒಂದು ಸೆಟ್ ರಿಂಗ್ ಪಾನಾ. ಜಾವಾ ಯುರೋಪಿನ ಗಾಡಿ, ನಟ್ಟು ಬೋಲ್ಟೆಲ್ಲ ಮೆಟ್ರಿಕ್ ಅಳತೆ. ಅದೇ ಕಾಲದ ಬುಲೆಟ್ ಇಟ್ಟುಕೊಂಡ ಎದುರುಮನೆಯವರು ಅಂಗುಲದ ಪಾನಾ ಹುಡುಕುತ್ತ ಅಲೆಯುವುದನ್ನು ನೋಡಿ ಸಮಾಧಾನ ಪಡಬಹುದು. ಸ್ಕ್ರೂಡ್ರೈವರು, ಪುಲ್ಲರು, ಫೀಲರ್ ಗೇಜು, ತಂತಿ ಬ್ರಷ್ಷು, ವೇಸ್ಟ್ ಬಟ್ಟೆ. ತೊಳೆಯಲು ಸೀಮೆಎಣ್ಣೆ, ಸಿಗದಿದ್ದರೆ ಡೀಸೆಲ್. ಮುಚ್ಚಳವಿರುವ ಡಬ್ಬಿಗಳು ಎಷ್ಟಿದ್ದರೂ ಬೇಕು. ಅಡುಗೆಮನೆಯಿಂದ ತಂದ ಡಬ್ಬಿಯಲ್ಲಿ ಏನಿತ್ತೆಂದು ತರುವ ಮೊದಲೇ ಕೇಳುವುದು ಸುರಕ್ಷತಾ ಕ್ರಮಗಳಲ್ಲಿ ಮುಖ್ಯವಾದದ್ದು.

ಒಬ್ಬ ಉಸ್ತಾದ್. ಇವರು ಅಂಗಡಿಯಲ್ಲಿ ಮಾರಾಟಕ್ಕೆ ಸಿಗುವುದಿಲ್ಲ. ಊರಿನ ಯಾವುದೋ ಗಲ್ಲಿಯಲ್ಲಿ, ತಗಡಿನ ಶೀಟಿನ ಕೆಳಗೆ, ಈ ಗಾಡಿಯನ್ನು ಸದ್ದಿನಿಂದಲೇ ಗುರುತಿಸುವ ಒಬ್ಬರಾದರೂ ಇರುತ್ತಾರೆ. ಹುಡುಕಿಕೊಂಡು ಹೋಗಿ, ಟೀ ಹೇಳಿ, ಸುಮ್ಮನೆ ಕೂತುಕೊಳ್ಳಿ. ಯೂಟ್ಯೂಬಿನಲ್ಲಿ ನೋಡಿ ಕಲಿತದ್ದನ್ನು ಅವರೆದುರು ಹೇಳಕೂಡದು.

ಪೋಷಕ ಎಂಬ ಭಾಗದ ಅಳವಡಿಕೆ

ಈ ಭಾಗವನ್ನು ಗಾಡಿಯಿಂದ ಕನಿಷ್ಠ ಮೂರಡಿ ದೂರದಲ್ಲಿ, ಸ್ಟೂಲಿನ ಮೇಲೆ ಕೂರಿಸತಕ್ಕದ್ದು. ಕೈಗೆ ಟಾರ್ಚು ಕೊಡಿ. ಟಾರ್ಚು ಹಿಡಿದ ಕೈ ಪಾನಾ ಹಿಡಿಯಲಾರದು ಎಂಬುದು ಇದರ ಹಿಂದಿನ ತತ್ವ. ಆದರೂ ಸ್ವಲ್ಪ ಹೊತ್ತಿಗೆ ‘ಕೊಡಿಲ್ಲಿ, ಹಾಗಲ್ಲ’ ಎಂಬ ಸದ್ದು ಬರತೊಡಗುತ್ತದೆ. ಇದು ತಯಾರಿಕೆಯ ದೋಷ, ಎಲ್ಲ ಮಾಡೆಲ್‌ಗಳಲ್ಲೂ ಇದೆ, ದುರಸ್ತಿ ಇಲ್ಲ. ಸದ್ದು ಬಂದಾಗ ಮಗಳು ‘ಅಪ್ಪ, ಇದು ನನ್ ಪ್ರಾಜೆಕ್ಟಾ, ನಿಂದಾ?’ ಎಂದು ಕೇಳತಕ್ಕದ್ದು. ನಿಂತುಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮಾತ್ರ.

ಬಿಚ್ಚುವುದು

ಬಿಚ್ಚುವ ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ಯಾವ ಬೋಲ್ಟು ಎಲ್ಲಿಯದು ಎಂದು ಡಬ್ಬಿಯ ಮೇಲೆ ಬರೆಯಿರಿ. ಈ ವಿಷಯದಲ್ಲಿ ಎರಡು ತಲೆಮಾರಿನ ಜಗಳ ಶುರುವಾಗುತ್ತದೆ. ನೆನಪಿನಲ್ಲಿ ಇಟ್ಟುಕೊಳ್ಳಬಹುದು ಎಂದು ಅಪ್ಪ. ನಿನ್ನೆ ಕನ್ನಡಕ ಎಲ್ಲಿಟ್ಟೆ ಎಂದು ಮಗಳು. ಮಗಳು ಹೇಳಿದಂತೆ ಮಾಡಿ.

ಜಂಗು ಹಿಡಿದ ನಟ್ಟು ಒಂದೇ ಏಟಿಗೆ ಬರುವುದಿಲ್ಲ. ಹಿಂದಿನ ರಾತ್ರಿಯೇ ಆಯಿಲ್ ಬಿಟ್ಟು ಮಲಗಿ. ಬಲವಂತ ಮಾಡಿದರೆ ನಟ್ಟಿನ ಮೂಲೆ ಸವೆದು ಉಂಡೆಯಾಗುತ್ತದೆ, ಆಮೇಲೆ ಉಳಿ ಸುತ್ತಿಗೆ ಹಿಡಿದು ದುಡಿಯಬೇಕು. ಬಲಗಡೆ ತಿರುಗಿಸಿದರೆ ಬಿಗಿ, ಎಡಗಡೆ ತಿರುಗಿಸಿದರೆ ಸಡಿಲ ಎಂದು ಹೇಳಿಕೊಡಿ. ನಂತರ ನೀವೇ ಗಾಡಿಯ ಕೆಳಗೆ ಮಲಗಿ ಮೇಲುಮುಖವಾಗಿ ನೋಡುತ್ತ ಎಡ ಯಾವುದು ಎಂದು ಯೋಚಿಸುವುದನ್ನು ಅವಳು ವಿಡಿಯೋ ಮಾಡಿಕೊಳ್ಳುತ್ತಾಳೆ. ತಡೆಯಬೇಡಿ, ವರದಿಗೆ ಬೇಕಾಗುತ್ತದೆ.

ಇಲ್ಲಿ ನಾಲ್ಕು ಎಚ್ಚರಿಕೆ, ತಮಾಷೆಯಿಲ್ಲದೆ. ಹಳೆಯ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನೊಳಗಿನ ಧೂಳನ್ನು ಬಾಯಲ್ಲಾಗಲಿ ಗಾಳಿಪಂಪಿನಲ್ಲಾಗಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂಗಿಗೆ ಮಾಸ್ಕ್ ಇರಲಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಯಾಕೆಂದರೆ ಒಳಗೆ ಉಳಿದಿರುವ ಪೆಟ್ರೋಲಿನ ಆವಿ ಕಿಡಿ ಸೋಕಿದರೆ ಸಿಡಿಯುತ್ತದೆ. ತೂತು ಬಿದ್ದ ಟ್ಯಾಂಕಿಗೆ ವೆಲ್ಡಿಂಗ್ ಎಂದರೆ ಅದು ಅನುಭವಿಯ ಕೈಯಲ್ಲಿ, ಟ್ಯಾಂಕು ತೊಳೆದು ನೀರು ತುಂಬಿದ ಮೇಲೆ, ಮಗಳಿಲ್ಲದ ಕಡೆ. ಬ್ಯಾಟರಿಯ ಆಸಿಡ್ ಕಣ್ಣಿಗೆ ಹಾರದಂತೆ ಕನ್ನಡಕ. ಮತ್ತು ಸ್ಟ್ಯಾಂಡು ಹಾಕಿ ನಿಲ್ಲಿಸಿದ ಗಾಡಿಯನ್ನು ನಂಬಬಾರದು. ಹಿಂದೆ ಮುಂದೆ ಇಟ್ಟಿಗೆ ಇಡಿ.

ಟ್ಯಾಂಕಿನ ಒಳಗಿನ ಜಂಗಿಗೆ ಒಂದಿಷ್ಟು ಹಳೆಯ ನಟ್ಟುಗಳನ್ನೂ ವಿನಿಗರನ್ನೂ ಹಾಕಿ ಮುಚ್ಚಳ ಬಿಗಿದು ಕುಲುಕಬೇಕು. ಬಹಳ ಹೊತ್ತು ಕುಲುಕಬೇಕು. ಮಗಳ ಗೆಳತಿಯರು ಮನೆಗೆ ಬಂದ ದಿನ ಈ ಕೆಲಸ ಇಟ್ಟುಕೊಂಡರೆ ಒಬ್ಬೊಬ್ಬರಾಗಿ ಕುಲುಕುತ್ತಾರೆ, ರೀಲ್ಸ್ ಮಾಡುತ್ತಾರೆ, ಟ್ಯಾಂಕು ಕ್ಲೀನಾಗುತ್ತದೆ.

ಇಂಜಿನ್

ಬಹಳ ವರ್ಷ ನಿಂತ ಗಾಡಿಯ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿರುತ್ತದೆ. ಕಿಕ್ಕರ್ ಮೇಲೆ ಹತ್ತಿ ನಿಂತು ಕುಣಿಯುವುದು ಪೋಷಕರಲ್ಲಿ ಸಾಮಾನ್ಯವಾಗಿ ಕಂಡುಬರುವ ಚಿಕಿತ್ಸೆ. ಅದರಿಂದ ಕಿಕ್ಕರ್ ಮುರಿಯುತ್ತದೆ, ಪಿಸ್ಟನ್ ಕದಲುವುದಿಲ್ಲ. ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ಲೂ ಆಯಿಲೂ ಬೆರೆಸಿ ಹೊಯ್ದು ಬಿಟ್ಟುಬಿಡಿ. ದಿನಗಟ್ಟಲೆ ಬಿಡಿ. ಈ ಅವಧಿಯಲ್ಲಿ ಮಗಳಿಗೆ ಯೂನಿಟ್ ಟೆಸ್ಟ್ ಮುಗಿಯುತ್ತದೆ.

ಹೆಡ್ ಬಿಚ್ಚಿದ ದಿನ ಮಗಳು ಬಗ್ಗಿ ನೋಡಿ ‘ವಾಲ್ವ್ ಎಲ್ಲಿ?’ ಎನ್ನುತ್ತಾಳೆ. ಪುಸ್ತಕದ ಚಿತ್ರದಲ್ಲಿ ಇದ್ದದ್ದು ನಾಲ್ಕು ಸ್ಟ್ರೋಕಿನ ಇಂಜಿನ್. ಇದು ಎರಡು ಸ್ಟ್ರೋಕಿನದು, ವಾಲ್ವೇ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಅವನ್ನು ತೆರೆದು ಮುಚ್ಚುವ ಕೆಲಸವನ್ನು ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಮಾಡುತ್ತದೆ. ಪೆಟ್ರೋಲು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್‌ಕೇಸಿಗೆ ಬರುತ್ತದೆ, ಪಿಸ್ಟನ್ ಕೆಳಗಿಳಿದಾಗ ಒತ್ತಡಕ್ಕೆ ಪಕ್ಕದ ದಾರಿಯಿಂದ ಮೇಲೆ ನುಗ್ಗುತ್ತದೆ, ನುಗ್ಗುವಾಗ ಸುಟ್ಟ ಹೊಗೆಯನ್ನು ಹೊರಗೆ ತಳ್ಳುತ್ತದೆ. ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಒಂದು ಸಿಡಿತ. ಕ್ರ್ಯಾಂಕ್‌ಕೇಸಿನಲ್ಲಿ ಆಯಿಲ್ ತುಂಬಿಡಲು ಜಾಗವಿಲ್ಲದ್ದರಿಂದ ಪೆಟ್ರೋಲಿನಲ್ಲೇ ಬೆರೆಸಿ ಕುಡಿಸಬೇಕು. ಬೇರಿಂಗಿಗೂ ಪಿಸ್ಟನ್ನಿಗೂ ಹೋಗುವ ದಾರಿಯಲ್ಲೇ ಎಣ್ಣೆ ಸವರಿಕೊಂಡು ಹೋಗಿ ಕೊನೆಗೆ ಉರಿದು ನೀಲಿ ಹೊಗೆಯಾಗುತ್ತದೆ. ಹೊಸ ಮಿಶ್ರಣದಲ್ಲೂ ಸ್ವಲ್ಪ ಪಾಲು ಉರಿಯದೆಯೇ ಹೊಗೆಯ ಜೊತೆ ಹೊರಗೆ ಜಾರುತ್ತದೆ. ಎರಡು ಸ್ಟ್ರೋಕಿನ ಗಾಡಿಗಳು ರಸ್ತೆಯಿಂದ ಮರೆಯಾಗಲು ಕಾರಣವಾದ ದೋಷವೂ ಇದೇ, ಅವುಗಳ ಸರಳತೆಯ ಗುಟ್ಟೂ ಇದೇ.

ಇದನ್ನೆಲ್ಲ ಅಪ್ಪ ಚಾರ್ಟಿನ ಮೇಲೆ ಬರೆದು ವಿವರಿಸಲು ಹೋದರೆ ಅರ್ಧ ಗಂಟೆ. ಉಸ್ತಾದ್ ಪಿಸ್ಟನ್ನನ್ನು ಸಿಲಿಂಡರಿನೊಳಗೆ ಕೈಯಲ್ಲೇ ಮೇಲೆ ಕೆಳಗೆ ಆಡಿಸಿ, ಕಿಂಡಿಯ ಆಚೆಯಿಂದ ಟಾರ್ಚ್ ಬಿಟ್ಟು, ‘ನೋಡು ಮರಿ, ಈಗ ಬಾಗಿಲು ತೆಗೀತು, ಈಗ ಹಾಕ್ತು’ ಎಂದರೆ ಅರ್ಧ ನಿಮಿಷ.

ಆಮೇಲಿನ ಪ್ರಶ್ನೆ: ‘ಒಂದೇ ಸಿಲಿಂಡರ್, ಸೈಲೆನ್ಸರ್ ಯಾಕೆ ಎರಡು?’ ಇಂಜಿನ್ ಬ್ಲಾಕಿನಲ್ಲೇ ಹೊಗೆ ಹೋಗುವ ಕಿಂಡಿ ಎಡಕ್ಕೊಂದು ಬಲಕ್ಕೊಂದು ಇದೆ ಎಂದು ತೋರಿಸಿ. ಯಾಕೆ ಹಾಗೆ ಮಾಡಿದರು ಎಂದು ಮತ್ತೆ ಕೇಳಿದರೆ ಉಸ್ತಾದರ ಉತ್ತರ, ‘ಚೆಂದ ಕಾಣತ್ತೆ.’ ಇಂಜಿನಿಯರ್‌ಗಳು ಒಪ್ಪಲಿಕ್ಕಿಲ್ಲ. ಎರಡು ಸೈಲೆನ್ಸರ್ ಇಲ್ಲದ ಜಾವಾವನ್ನು ಯಾರಾದರೂ ತಿರುಗಿ ನೋಡುತ್ತಿದ್ದರೇ ಎಂದು ನನಗೂ ಅನುಮಾನ.

ರಿಂಗ್ ಹಾಕುವಾಗ ಜೋಪಾನ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕಾಲುವೆಯಲ್ಲಿ ಒಂದು ಪುಟ್ಟ ಮೊಳೆ ಇರುತ್ತದೆ. ರಿಂಗಿನ ಎರಡು ತುದಿಗಳು ಸರಿಯಾಗಿ ಅದರ ಆಚೆ ಈಚೆ ಕೂರಬೇಕು. ಇಲ್ಲದಿದ್ದರೆ ರಿಂಗ್ ತಿರುಗಿ ತುದಿ ಕಿಂಡಿಗೆ ಸಿಕ್ಕಿ ಮುರಿಯುತ್ತದೆ, ಮುರಿದ ಚೂರು ಬೋರನ್ನು ಗೀರಿಹಾಕುತ್ತದೆ. ಐವತ್ತರ ಕಣ್ಣಿಗೆ ಆ ಮೊಳೆ ಕಾಣುವುದಿಲ್ಲ. ಹದಿನಾಲ್ಕರ ಕಣ್ಣಿಗೆ ಕಾಣುತ್ತದೆ. ಈ ಪ್ರಾಜೆಕ್ಟಿಗೆ ಮಗಳು ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಈ ಪ್ಯಾರಾ ತೋರಿಸಿ.

ಹೆಡ್ ಮೇಲಿನ ನಟ್ಟುಗಳನ್ನು ಒಂದಾದ ಮೇಲೆ ಪಕ್ಕದ್ದು ಎಂದು ಬಿಗಿಯಬಾರದು. ಎದುರುಬದುರು, ಸ್ವಲ್ಪಸ್ವಲ್ಪವೇ.

ಲೆಕ್ಕದ ಅಧ್ಯಾಯ

ಮಗಳ ಗಣಿತ ಪುಸ್ತಕದಲ್ಲಿ ಘನಫಲದ ಪಾಠ ಇದೆ. ಅದನ್ನು ಇಲ್ಲಿಗೆ ತನ್ನಿ. ಜಾವಾದ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ತ್ರಿಜ್ಯ 3.25 ಸೆಂ.ಮೀ., ಎತ್ತರ 7.5 ಸೆಂ.ಮೀ. ಪೈಗೆ 22/7 ಹಾಕಿದರೆ 248.97 ಘನ ಸೆಂ.ಮೀ. ಬರುತ್ತದೆ. 3.14 ಹಾಕಿದರೆ 248.75. ಟ್ಯಾಂಕಿನ ಮೇಲೆ 250 ಎಂದು ಬರೆದವರು ಅಂಗಡಿಯವರ ಲೆಕ್ಕ ಮಾಡಿದ್ದಾರೆ ಎಂಬುದು ಮಗಳ ತೀರ್ಪು.

ತೊಂದರೆ ಶುರುವಾಗುವುದು ಲೇತ್ ಅಂಗಡಿಯಿಂದ ಬಂದ ಮೇಲೆ. ಗೀರು ಬಿದ್ದ ಬೋರನ್ನು ಅರ್ಧ ಮಿಲಿಮೀಟರು ಹಿಗ್ಗಿಸಿ, ಅದಕ್ಕೆ ಸರಿಹೊಂದುವ ಓವರ್‌ಸೈಜ್ ಪಿಸ್ಟನ್ ಹಾಕಿಸಿದ್ದೀರಿ. ಮಗಳು ಮತ್ತೆ ಲೆಕ್ಕ ಮಾಡುತ್ತಾಳೆ: 65.5ಕ್ಕೆ 252.8. ‘ಅಪ್ಪ, ಆರ್.ಸಿ.ನಲ್ಲಿ 250 ಅಂತಿದೆ, ಇದು ಸುಳ್ಳಾಗ್ಲಿಲ್ವಾ?’ ಪೋಷಕರು ಈ ಪ್ರಶ್ನೆಗೆ ಊಟ ಆರಿಹೋಗುತ್ತಿದೆ ಎಂದು ಉತ್ತರಿಸತಕ್ಕದ್ದು.

ಪೆಟ್ರೋಲು ಆಯಿಲ್ ಪ್ರಮಾಣ 25ಕ್ಕೆ 1. ಅಂದರೆ ಲೀಟರಿಗೆ 40 ಮಿಲಿ, ಐದು ಲೀಟರಿಗೆ 200. ಬೋರ್ ಮಾಡಿಸಿದ ಹೊಸದರಲ್ಲಿ 20ಕ್ಕೆ 1, ಲೀಟರಿಗೆ 50. ಅಳೆಯಲು ಔಷಧಿ ಬಾಟಲಿಯ ಮುಚ್ಚಳ ಚೆನ್ನಾಗಿರುತ್ತದೆ, ಅದನ್ನು ಮತ್ತೆ ಔಷಧಿಗೆ ಬಳಸದಿದ್ದರೆ. ನಿಮ್ಮ ತಂದೆ ಬಂಕಿನಲ್ಲಿ ಕಣ್ಣಂದಾಜಿನಲ್ಲೇ ಹೊಯ್ದು ಗಾಡಿಯನ್ನು ಅಲ್ಲಾಡಿಸುತ್ತಿದ್ದದ್ದು ನೆನಪಾದರೆ ಮನಸ್ಸಿನಲ್ಲೇ ಇಟ್ಟುಕೊಳ್ಳಿ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಮತ್ತೆ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ.

ಬಣ್ಣ

ಅಪ್ಪನಿಗೆ ಮರೂನ್ ಬೇಕು, ಟ್ಯಾಂಕಿನ ಪಕ್ಕಕ್ಕೆ ಕ್ರೋಮ್, ಮೇಲೆ ಕೈಯಲ್ಲೇ ಎಳೆದ ಚಿನ್ನದ ಗೆರೆ. ಅಂದರೆ ಅವನಿಗೆ 1978 ಬೇಕು. ಮಗಳಿಗೆ ಮ್ಯಾಟ್ ಕಪ್ಪು ಬೇಕು. ಅಜ್ಜಿಯನ್ನು ಕೇಳಿದರೆ, ‘ಯಾವ ಬಣ್ಣನಾದ್ರೂ ಹಚ್ಚಿ, ಅವ್ರು ಅದರ ಮೇಲೆ ಕೂತ್ಕೊಂಡು ಹೋದ್ರೆ ಮನೆಗೆ ಯಾವಾಗ ಬರ್ತಾರೆ ಅಂತ ಗೊತ್ತಾಗ್ತಿರ್ಲಿಲ್ಲ’ ಎನ್ನುತ್ತಾರೆ. ಅಜ್ಜಿಯ ಹೇಳಿಕೆಯನ್ನು ವರದಿಯಲ್ಲಿ ‘ಮೌಖಿಕ ಇತಿಹಾಸ’ ಎಂಬ ಶೀರ್ಷಿಕೆಯಲ್ಲಿ ಸೇರಿಸಬಹುದು.

ಕ್ರೋಮಿಂಗ್ ದುಬಾರಿ. ತಡವೂ ಆಗುತ್ತದೆ.

ಮೂಲರೂಪ ಎಂಬ ವಿಷಯದಲ್ಲಿ ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ಹಿಂದಿನ ಮಡ್‌ಗಾರ್ಡಿನಲ್ಲಿ ಹಾಲಿನ ಕ್ಯಾನ್ ಕಟ್ಟಿ ಕಟ್ಟಿ ಬಿದ್ದ ತಗ್ಗು ಇದ್ದರೆ ಅದಕ್ಕೆ ಪುಟ್ಟಿ ಮೆತ್ತಿ ನಯ ಮಾಡುವುದರಲ್ಲಿ ನನಗೆ ಉತ್ಸಾಹವಿಲ್ಲ. ಷೋರೂಮಿನಿಂದ ಈಗ ಬಂದಂತೆ ಹೊಳೆಯುವ ಜಾವಾಗಳು ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನದ ಮೆರವಣಿಗೆಗೆ ಬೇಕಾದಷ್ಟು ಬರುತ್ತವೆ. ಅವುಗಳ ಪಕ್ಕದಲ್ಲೇ, ಇವತ್ತಿಗೂ ಮಾರ್ಕೆಟ್ಟಿಗೆ ಹೋಗಿಬರುವ, ಸೀಟಿಗೆ ರೆಕ್ಸಿನ್ ತೇಪೆ ಹಾಕಿದ ಒಂದು ಗಾಡಿ ಬಂದು ನಿಂತರೆ ಜನ ಅದರ ಸುತ್ತಲೇ ಮುತ್ತಿಕೊಳ್ಳುತ್ತಾರೆ. ಮಗಳಿಗೆ ಈ ಅಭಿಪ್ರಾಯ ಹೇಳಿ ಒಪ್ಪಿಸಬಹುದು ಎಂದು ಮಾತ್ರ ಕೈಪಿಡಿ ಖಾತರಿ ಕೊಡುವುದಿಲ್ಲ.

ಸ್ಟಾರ್ಟ್ ಮಾಡುವ ವಿಧಾನ

ಜಾವಾದ ಎಡಗಡೆ ಒಂದೇ ಲಿವರು. ಮುಂದೆ ಇದ್ದರೆ ಗೇರು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು. ಗೇರ್ ಹಾಕುವಾಗ ಆ ಲಿವರನ್ನು ಒತ್ತಿದರೆ ಕ್ಲಚ್ ತಾನೇ ಬಿಡಿಸಿಕೊಳ್ಳುತ್ತದೆ, ಕೈಯ ಕ್ಲಚ್ ಹಿಡಿಯದಿದ್ದರೂ ಆದೀತು. ಆ ಕಾಲದ ಈ ಜಾಣತನವನ್ನು ವಿವರಿಸುವಾಗ ಪೋಷಕರ ಧ್ವನಿ ಏರುತ್ತದೆ, ತಾವೇ ಕಂಡುಹಿಡಿದಂತೆ. ಸಹಜ.

ಪೆಟ್ರೋಲ್ ಕಾಕ್ ತಿರುಗಿಸಿ. ಕಾರ್ಬೋರೇಟರ್ ಮೇಲಿನ ಗುಂಡಿಯನ್ನು ಪೆಟ್ರೋಲ್ ಜಿನುಗುವವರೆಗೆ ಒತ್ತಿ. ಕೀ ಹಾಕುವ ಮೊದಲು ಒಂದೆರಡು ಸಲ ಸುಮ್ಮನೆ ಕಿಕ್ ಹೊಡೆಯಿರಿ. ಈಗ ಕೀ. ಈಗ ಕಿಕ್. ಏನೂ ಆಗುವುದಿಲ್ಲ. ಮುಂದಿನ ಅಧ್ಯಾಯಕ್ಕೆ ಹೋಗಿ.

ದೋಷ ಪತ್ತೆ

ಲಕ್ಷಣ: ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುತ್ತಿಲ್ಲ. ಪ್ಲಗ್ ಬಿಚ್ಚಿ, ಅದರ ಮೈ ಇಂಜಿನ್ನಿಗೆ ತಾಗುವಂತೆ ಹಿಡಿದು ಕಿಕ್ ಹೊಡೆಸಿ, ಕಿಡಿ ಬರುತ್ತದೆಯೇ ನೋಡಿ. ಪೆಟ್ರೋಲ್ ಸುರಿದ ಜಾಗದಿಂದ ದೂರ, ಕೈಯಲ್ಲಿ ರಬ್ಬರ್ ಗ್ಲೌಸ್. ಕಿಡಿ ಇಲ್ಲದಿದ್ದರೆ ಪಾಯಿಂಟ್ ನೋಡಿ. ಅದರ ಸಂದು ಸುಮಾರು 0.4 ಮಿ.ಮೀ. ಇರಬೇಕು, ತುದಿ ಸುಟ್ಟಿದ್ದರೆ ಉಜ್ಜಿ. ಆದರೂ ಇಲ್ಲವೆಂದರೆ ಕಂಡೆನ್ಸರ್. ಇಡೀ ವೈರಿಂಗ್ 6 ವೋಲ್ಟಿನದು; ಅಂಗಡಿಯವನು 12 ವೋಲ್ಟಿನ ಬಲ್ಬ್ ಕೊಟ್ಟು ‘ನಡಿಯತ್ತೆ ಸಾರ್’ ಎಂದರೆ ನಡೆಯುವುದಿಲ್ಲ, ಬಲ್ಬಿನೊಳಗೆ ತಂತಿ ಕೆಂಪಗಾಗುತ್ತದೆ ಅಷ್ಟೆ.

ಲಕ್ಷಣ: ಸ್ಟಾರ್ಟ್ ಆಗಿ ನಿಂತುಹೋಗುತ್ತದೆ. ಕಾರ್ಬೋರೇಟರಿನ ಜೆಟ್ಟಿಗೆ ಕಸ. ಅಥವಾ ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿದೆ. ಅಥವಾ ನಿಮ್ಮ ತಮ್ಮ ಸಲಹೆ ಕೊಡಲು ಬಂದಿದ್ದಾನೆ.

ಲಕ್ಷಣ: ಮಗಳು ಬಹಳ ಹೊತ್ತಿನಿಂದ ಮಾತಾಡಿಲ್ಲ. ನೀವು ಅವಳ ಕೈಯಿಂದ ಪಾನಾ ಕಿತ್ತುಕೊಂಡಿದ್ದೀರಿ. ಹಿಂತಿರುಗಿಸಿ. ಮಸಾಲೆಪುರಿ ತರಿಸಿ.

ಲಕ್ಷಣ: ಗಾಡಿಗೆ ಶಕ್ತಿಯೇ ಇಲ್ಲ, ದಮ್ಮು ಹಿಡಿದವರ ಹಾಗೆ ಏದುತ್ತದೆ. ಸೈಲೆನ್ಸರ್ ಕಟ್ಟಿದೆ. ತುದಿ ಬಿಚ್ಚಿ ಒಳಗಿನ ಬ್ಯಾಫಲ್ ಎಳೆದರೆ ದಶಕಗಳ ಕಾರ್ಬನ್ ಅಂಟಿಕೊಂಡಿರುತ್ತದೆ. ಬಯಲಿನಲ್ಲಿ ಸುಟ್ಟು ಕೆರೆಯಬೇಕು. ಬಟ್ಟೆ ಒಣಗಿಸಿದ ಕಡೆಯಿಂದ ದೂರ.

ಲಕ್ಷಣ: ಬೀದಿಯೆಲ್ಲ ಬಿಳಿಹೊಗೆ, ನಿಲ್ಲುವುದೇ ಇಲ್ಲ. ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿ ಗೇರ್‌ಬಾಕ್ಸಿನ ಆಯಿಲ್ ಎಳೆದುಕೊಳ್ಳುತ್ತಿದೆ. ಇಂಜಿನ್ ಮತ್ತೆ ಇಳಿಸಬೇಕು. ಪಕ್ಕದ ಮನೆಯವರು ಕಿಟಕಿ ತೆರೆದು ‘ಕಾರ್ಪೊರೇಷನ್‌ನೋರು ಫಾಗಿಂಗ್ ಮಾಡ್ತಿದಾರಾ?’ ಎಂದು ಕೇಳುತ್ತಾರೆ. ಹೌದು ಎನ್ನಿ, ಡೆಂಗಿ ಕಾಲ.

ಲಕ್ಷಣ: ಸ್ಟಾರ್ಟ್ ಆಯಿತು, ನಿಲ್ಲಲಿಲ್ಲ, ಎರಡೂ ಸೈಲೆನ್ಸರಿನಿಂದ ಒಂದೇ ಹದದ ಸದ್ದು, ಒಳಗಿನಿಂದ ಅಜ್ಜಿ ವಾಕರ್ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಾರೆ. ಇದು ದೋಷವಲ್ಲ. ಆದರೆ ಪೋಷಕ ಎಂಬ ಭಾಗ ಈ ಹಂತದಲ್ಲಿ ಕಣ್ಣಿಗೆ ಹೊಗೆ ಹೋಯಿತು ಎನ್ನುತ್ತದೆ. ಮಗಳು ನಂಬಿದಂತೆ ನಟಿಸತಕ್ಕದ್ದು.

ವರದಿ ಮತ್ತು ಅಂಕ

ವರದಿಯನ್ನು ಮಗಳೇ ಬರೆಯತಕ್ಕದ್ದು. ‘ಅಪ್ಪ ಸಹಾಯ ಮಾಡಿದರು’ ಎಂಬ ವಾಕ್ಯದ ಮುಂದೆ ಏನೇನು ಎಂದು ಅವಳು ಪಟ್ಟಿ ಮಾಡಿದರೆ ಟಾರ್ಚ್ ಹಿಡಿದದ್ದು, ಟೀ ತಂದದ್ದು, ಒಂದು ಸರ್‌ಕ್ಲಿಪ್ ಕಳೆದದ್ದು ಎಂದು ಇರಬಹುದು. ತಿದ್ದಬೇಡಿ. ಇಂಜಿನ್ನಿನ ಚಿತ್ರ ನೀವು ಬಿಡಿಸಿಕೊಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ; ನಿಮ್ಮ ಕಾಲದವರ ಬಾಣದ ಗುರುತು ಬೇರೆ ಥರ.

ಗಾಡಿಯನ್ನು ಶಾಲೆಗೆ ಒಯ್ಯುವುದಾದರೆ ಮುಂಚೆಯೇ ಅನುಮತಿ ಪತ್ರ. ಲಗೇಜ್ ಆಟೋದಲ್ಲಿ ಹಗ್ಗ ಕಟ್ಟಿ ಒಯ್ಯಬೇಕು. ಅಲ್ಲಿ ಎರಡು ರೀತಿಯ ಪರೀಕ್ಷಕರು ಸಿಗುತ್ತಾರೆ. ಒಬ್ಬರು, ‘ಇದರಲ್ಲಿ ವಿಜ್ಞಾನ ಏನಿದೆ?’ ಎಂದು ಕೇಳುವವರು. ಅವರಿಗೆ ಮಗಳು ಕಿಂಡಿ, ಮಿಶ್ರಣ, 252.8 ಎಲ್ಲ ಹೇಳುತ್ತಾಳೆ. ಇನ್ನೊಬ್ಬರು ಪಿ.ಟಿ. ಮೇಷ್ಟ್ರು. ಇವರು ಏನೂ ಕೇಳದೆ ಗಾಡಿಯ ಸುತ್ತ ಎರಡು ಸುತ್ತು ಬಂದು, ‘ನಮ್ಮಪ್ಪನ ಹತ್ರ ಇತ್ತು ಕಣಮ್ಮ, ಮಾರ್‌ಬಿಟ್ರು’ ಎಂದು ಶುರುಮಾಡುತ್ತಾರೆ. ಅಂಕ ಕೊಡುವ ಅಧಿಕಾರ ಅವರಿಗಿರುವುದಿಲ್ಲ. ಪೀರಿಯಡ್ ಮುಗಿಯುವವರೆಗೂ ಹೋಗುವುದೂ ಇಲ್ಲ.

ಅಂಕ ಇಷ್ಟೇ ಬರುತ್ತದೆ ಎಂದು ಹೇಳಲಾಗದು. ಟಾರ್ಚಿಗೆ ಸೆಲ್ ಹಾಕಿದವನಿಗಿಂತ ಒಂದು ಕಡಿಮೆ ಬಂದರೆ ಶಾಲೆಗೆ ಹೋಗಿ ಜಗಳ ತೆಗೆಯಬಾರದು.

ಸವಾರಿ

ಮಗಳು ಸದರಿ ವಾಹನವನ್ನು ಬಿಚ್ಚಬಹುದು, ಕಟ್ಟಬಹುದು, ಸ್ಟಾರ್ಟ್ ಮಾಡಬಹುದು. ರಸ್ತೆಯಲ್ಲಿ ಓಡಿಸುವಂತಿಲ್ಲ. ಗೇರಿನ ಗಾಡಿಗೆ ಹದಿನೆಂಟು ತುಂಬಬೇಕು. ‘ನಮ್ ಬೀದಿನಲ್ಲೇ ಒಂದ್ ರೌಂಡ್’ ಎಂಬ ವಾದವನ್ನು ಮೋಟಾರು ವಾಹನ ಕಾಯ್ದೆ ಒಪ್ಪುವುದಿಲ್ಲ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದವರಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಜ್ಜನ ಗಾಡಿ ಉಳಿಸಲು ಹೋಗಿ ಅದರ ನೋಂದಣಿಯನ್ನೇ ಕಳೆದುಕೊಳ್ಳುವುದು ಈ ಕೈಪಿಡಿಯ ಉದ್ದೇಶವಲ್ಲ.

ಆದ್ದರಿಂದ ಓಡಿಸುವವರು ನೀವು, ಹಿಂದೆ ಕೂರುವವಳು ಮಗಳು, ಇಬ್ಬರಿಗೂ ಹೆಲ್ಮೆಟ್. ಹೊಸ ಬೋರ್ ಆದ್ದರಿಂದ ಮೊದಲ ಕೆಲವು ನೂರು ಕಿಲೋಮೀಟರು ನಿಧಾನ. ನೀವು ಸ್ವಲ್ಪ ಆಕ್ಸಿಲರೇಟರ್ ಕೊಟ್ಟ ಕೂಡಲೇ ಹಿಂದಿನಿಂದ ಭುಜಕ್ಕೆ ಏಟು ಬೀಳುತ್ತದೆ: ‘ಅಪ್ಪ, ರನ್ನಿಂಗ್ ಇನ್!’ ಇಷ್ಟು ದಿನ ಮೂರಡಿ ದೂರದಲ್ಲಿ ಕೂತು ನೀವು ಹೇಳುತ್ತಿದ್ದ ಧಾಟಿಯಲ್ಲೇ ಹೇಳುತ್ತಾಳೆ.

ನಿಲ್ಲಿಸಿಡುವುದು

ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಗಾಡಿ ಮತ್ತೆ ಶೆಡ್ಡಿಗೆ. ಹಾಗೇ ನಿಲ್ಲಿಸಬೇಡಿ. ಆಯಿಲ್ ಬೆರೆಸಿದ ಪೆಟ್ರೋಲು ಕಾರ್ಬೋರೇಟರಿನಲ್ಲೇ ಉಳಿದರೆ ಪೆಟ್ರೋಲು ಆರಿ, ಅಂಟು ಜೆಟ್ಟಿಗೆ ಕೂರುತ್ತದೆ. ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಟ್ಯಾಂಕು ಖಾಲಿ ಮಾಡಿ ಒಳಗೆ ಆಯಿಲ್ ಸವರಿ. ಪ್ಲಗ್ ತೂತಿಗೆ ಎರಡು ಚಮಚ ಆಯಿಲ್ ಬಿಟ್ಟು ಮೆತ್ತಗೆ ಒಂದೆರಡು ಕಿಕ್. ಬ್ಯಾಟರಿ ಬಿಚ್ಚಿ ಮನೆಯೊಳಗಿಡಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಇಲಿಗೆ.

ಟೈರು ಕೂರದಂತೆ ಗಾಡಿಯನ್ನು ಸ್ಟ್ಯಾಂಡಿನ ಮೇಲಿಡಿ. ಆರ್.ಸಿ. ನವೀಕರಣದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಐದು ವರ್ಷದ ಅವಧಿ ಮುಗಿಯುವಾಗ ಮಗಳಿಗೆ ಹತ್ತೊಂಬತ್ತಾಗಿರುತ್ತದೆ, ಲೈಸೆನ್ಸೂ ಕೈಯಲ್ಲಿರುತ್ತದೆ. ಗಾಡಿಯನ್ನು ಅವಳ ಹೆಸರಿಗೆ ಮಾಡಿಸಲು ಆಗ ಬೇಕಾಗುವುದು ಫಾರಂ 29 ಮತ್ತು 30. ಎರಡನ್ನೂ ಅವಳು ಈಗಲೇ ಡೌನ್‌ಲೋಡ್ ಮಾಡಿ, ಪ್ರಿಂಟ್ ತೆಗೆದು, ನೀವು ಸಹಿ ಹಾಕಬೇಕಾದ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಬೀರುವಿನಲ್ಲಿ ಇಟ್ಟಿದ್ದಾಳೆ. ಪಂಚಾಂಗದ ಕೆಳಗೆ ನೋಡಿ.